ಗೋವಿನಜೋಳದ ದಂಟು ಕಲಿಸಿದ್ದು

ಗೋವಿನಜೋಳದ ದಂಟಿನಿಂದ ಎಥನಾಲ್ ತೆಗೆಯಲು ದೊಡ್ಡ ಅಡ್ಡಿ ಲಿಗ್ನಿನ್. ದಂಟಿಗೆ ಗಡಸುತನ ಕೊಡುವ ಅದು ಸಕ್ಕರೆಯಾಗಬಲ್ಲ ಸೆಲ್ಯುಲೋಸನ್ನು ಬಿಟ್ಟುಕೊಡುವುದಿಲ್ಲ. ಜೀನು ತಿದ್ದಿ ಲಿಗ್ನಿನ್ ತಗ್ಗಿಸುವುದು ನನ್ನ ಲ್ಯಾಬಿನ ಕೆಲಸ. ಹಾವೇರಿ ಜಿಲ್ಲೆಯ ಹೊಲ, ಮಾರುಕಟ್ಟೆ ಸುತ್ತಿದ ಮೇಲೆ ತಿಳಿದದ್ದನ್ನು ಬರೆದಿದ್ದೇನೆ.

1. ದಂಟು ಮೊದಲು ನಿಲ್ಲಬೇಕು

ಲಿಗ್ನಿನ್ ಇಳಿದ ಅಂಕಿ ನೋಡಿಯೇ ನಾನು ಹಿಗ್ಗಿದ್ದೆ. ಗಾಜಿನ ಮನೆಯೊಳಗೆ ಗಾಳಿಯೂ ಇಲ್ಲ, ಮಳೆಯೂ ಇಲ್ಲ; ಗಿಡ ನೆಟ್ಟಗಿತ್ತು. ರಾಣೆಬೆನ್ನೂರು ಕಡೆಯ ರೈತರೊಬ್ಬರು ಫೋಟೋ ನೋಡಿ, "ಗಾಳಿ ಮಳಿಗೆ ನಿಲ್ತೈತೇನ್ರೀ ಇದು?" ಎಂದರು. ನನ್ನಲ್ಲಿ ಉತ್ತರವಿರಲಿಲ್ಲ. ಎಲೆಯ ನಡುನರ ಕಂದಾಗಿರುವ, ತಾನಾಗಿಯೇ ಲಿಗ್ನಿನ್ ಕಡಿಮೆಯಿರುವ ಗೋವಿನಜೋಳ 1924ರಲ್ಲೇ ಅಮೆರಿಕದಲ್ಲಿ ಕಂಡಿತ್ತು. ಇಳುವರಿ ಕುಗ್ಗುತ್ತದೆ, ಗಿಡ ಮಲಗುತ್ತದೆ ಎಂಬ ದೂರು ಅದರ ಮೇಲೆ ಮೊದಲಿನಿಂದಲೂ ಇದೆ. ಅದನ್ನು ಓದಿದ್ದೆ, ತಲೆಗೆ ಹಚ್ಚಿಕೊಂಡಿರಲಿಲ್ಲ.

2. ಎಲ್ಲ ಕಾಳೂ ಒಂದೇ ರಾಶಿಗೆ

ದಂಟು ಬೇಡ, ಕಾಳನ್ನೇ ತಿದ್ದೋಣ ಎಂದುಕೊಂಡೆ. ಕಾರ್ಖಾನೆಯಲ್ಲಿ ಕಾಳಿನ ಹಿಟ್ಟು ಬೇಯಿಸಿ, ಪಿಷ್ಟ ಒಡೆಯಲು ಅಮೈಲೇಸ್ ಕಿಣ್ವ ಬೆರೆಸುತ್ತಾರೆ. ಆ ಕಿಣ್ವ ಕಾಳಿನೊಳಗೇ ಹುಟ್ಟುವ ಎನೋಜೆನ್ ಎಂಬ ತಳಿಗೆ ಅಮೆರಿಕ 2011ರಲ್ಲಿ ಅನುಮತಿ ಕೊಟ್ಟಿತು. ತಕರಾರು ತೆಗೆದವರು ಅಲ್ಲಿನ ಹಿಟ್ಟಿನ ಗಿರಣಿಯವರು: ಹತ್ತು ಸಾವಿರ ಕಾಳಿನಲ್ಲಿ ಇಂಥದ್ದೊಂದು ಬೆರೆತರೂ ತಿನಿಸು ಕೆಡಬಹುದು ಎಂದು. ನಮ್ಮಲ್ಲಿ ಕೋಳಿ ಆಹಾರಕ್ಕೆ, ಪಿಷ್ಟಕ್ಕೆ, ಎಥನಾಲ್‌ಗೆ ಹೋಗುವ ಕಾಳು ಒಂದೇ ಕಣದಿಂದ ಒಂದೇ ಟ್ರ್ಯಾಕ್ಟರಿನಲ್ಲಿ ಬರುತ್ತದೆ. ಬೇರ್ಪಡಿಸುವವರು ಯಾರು?

3. ಪರಾಗದ ಪಾಠ ಬೀಜದ ಪ್ಲಾಟಿನಲ್ಲಿ

ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಹತ್ತಿ ಬೀಜ ಮಾಡುವ ಹೆಂಗಸರು ಸಂಜೆ ಮೊಗ್ಗು ಸುಲಿದು ಕೇಸರ ಕಿತ್ತು ಗುರುತು ಮಾಡುತ್ತಾರೆ. ಮರುದಿನ ಬೆಳಿಗ್ಗೆ ಗಂಡು ಹೂ ತಂದು ಶಲಾಕಾಗ್ರಕ್ಕೆ ಸವರುತ್ತಾರೆ. ಒಂದು ಮೊಗ್ಗು ತಪ್ಪಿದರೂ ಬೀಜ ಕಲಬೆರಕೆ. ಅವರ ಮುಂದೆ ನಾನು "ಪರಾಗ ಹಾರದಂತೆ ನೋಡಿಕೊಳ್ಳುತ್ತೇವೆ" ಎಂದಾಗ ಒಬ್ಬಾಕೆ ನಕ್ಕಳು. ಗೋವಿನಜೋಳದ ಪರಾಗ ಗಾಳಿಯದು, ಪಕ್ಕದ ಹೊಲ ಅಣ್ಣತಮ್ಮಂದಿರದು. ಭಾರತದಲ್ಲಿ ಬೇಸಾಯಕ್ಕಿಳಿದ ಕುಲಾಂತರಿ ಬೆಳೆ 2002ರ ಬಿಟಿ ಹತ್ತಿ ಒಂದೇ. ಹೊರಗಿನ ಜೀನು ಸೇರಿಸದೆ ತಿದ್ದಿದ ಗಿಡಕ್ಕೆ 2022ರಲ್ಲಿ ನಿಯಮ ಸಡಿಲಾಗಿದೆ ನಿಜ. ಗಾಳಿಗೆ ಆ ಸುತ್ತೋಲೆ ಮುಟ್ಟಿಲ್ಲ.

4. ಗುಣಕ್ಕೆ ದುಡ್ಡು ಕೊಡುವವರು ಬೇಕು

ಕಾರ್ಖಾನೆಗೆಂದು ಬೆಳೆಯುವುದು ಇಲ್ಲಿಗೆ ಹೊಸತಲ್ಲ. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಕಟ್ಟುವುದು ಖಾರಕ್ಕಿಂತ ಬಣ್ಣಕ್ಕೆ. ಅದರಿಂದ ಓಲಿಯೊರೆಸಿನ್ ಎಂಬ ಬಣ್ಣದ ಸಾರ ತೆಗೆಯುತ್ತಾರೆ. ಖರೀದಿದಾರ ಚೀಲಕ್ಕೆ ಕೈ ಹಾಕಿ, ಕಾಯಿಯ ಕೆಂಪು, ನೆರಿಗೆ, ಒಣಗು ನೋಡಿಯೇ ದರ ಬರೆಯುತ್ತಾನೆ. ಗೋವಿನಜೋಳಕ್ಕೆ ತೂಕ, ತೇವಾಂಶ ಬಿಟ್ಟರೆ ಕೇಳುವವರಿಲ್ಲ. 2025ರಲ್ಲಿ ಕ್ವಿಂಟಲ್‌ಗೆ 2400 ರೂಪಾಯಿ ಬೆಂಬಲ ಬೆಲೆ ಇದ್ದೂ ದರ ಕುಸಿದು ಹಾವೇರಿ, ಗದಗದ ರೈತರು ಬೀದಿಗಿಳಿದರು. ಕಾಳಿಗೇ ಈ ಗತಿಯಾದರೆ ದಂಟಿನ ಲಿಗ್ನಿನ್‌ಗೆ ಯಾರು ದುಡ್ಡು ಎಣಿಸುತ್ತಾರೆ?

5. ಎತ್ತಿಗೆ ಏನು ಹಾಕೋಣ?

ದಂಟೆಲ್ಲ ಕಾರ್ಖಾನೆಗೆ ಹೋದರೆ ಮೇವಿಗೇನು ಎಂದು ಊರೂರಲ್ಲೂ ಕೇಳಿದರು. ಲಿಗ್ನಿನ್ ಕಡಿಮೆಯಾದರೆ ದನಕ್ಕೂ ಮೇವು ಚೆನ್ನಾಗಿ ಅರಗುತ್ತದೆ. ಕಂದು ನಡುನರದ ಗೋವಿನಜೋಳವನ್ನು ಹೊರದೇಶಗಳಲ್ಲಿ ಮೇವಿಗೆಂದೇ ಬೆಳೆಯುತ್ತಾರೆ. ಇದನ್ನು ಮೊದಲೇ ಹೇಳಿದ್ದರೆ ಮಾತು ಮುಂದುವರಿಯುತ್ತಿತ್ತು. ಈಗ ಎಥನಾಲ್ ಲೆಕ್ಕ ಪಕ್ಕಕ್ಕಿಟ್ಟು, ದಂಟು ಎಷ್ಟು ಅರಗುತ್ತದೆ, ಎಷ್ಟು ಬಾಗುತ್ತದೆ ಎಂದು ಮೊದಲು ಅಳೆಯುತ್ತಿದ್ದೇನೆ.