ಮನೆಯನ್ನು ಕಡೆಗೆ ನೋಡಿ

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಪಶ್ಚಿಮಕ್ಕೆ, ಹ್ಯಾಮಿಲ್ಟನ್ ಊರಿನ ಸುತ್ತಮುತ್ತ, ಶತಮಾನ ದಾಟಿದ ಕುರಿ ಫಾರ್ಮುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ಜಾಹೀರಾತಿನ ಮೊದಲ ಚಿತ್ರ ಮನೆಯದೇ: ಕರಿಗಲ್ಲಿನ ಗೋಡೆ, ಸುತ್ತಲೂ ಜಗಲಿ, ಸಾಲು ಹೊಗೆಗೂಡು. ನಾನೂ ನನ್ನ ಭಾವನೂ ಸೇರಿ ಅಂಥದ್ದೊಂದನ್ನು ಕೊಂಡೆವು. ಆ ಅನುಭವದ ಮೇಲೆ ಹೇಳುತ್ತೇನೆ, ಮನೆಯನ್ನು ಕಟ್ಟಕಡೆಗೆ ನೋಡಬೇಕು.

ಇದನ್ನು ಕಲಿಸಿದವರು ಅಪ್ಪ. ಚಳ್ಳಕೆರೆಯ ಕಡೆ ಜೀವಮಾನವಿಡೀ ಕುರಿ ಕಾಯ್ದವರು, ಆಗ ನಮ್ಮಲ್ಲಿಗೆ ಬಂದಿದ್ದರು. ಕೊಳ್ಳುವ ಮುಂಚೆ ನೋಡಿದ ಇನ್ನೊಂದು ಜಾಗದಲ್ಲಿ ಏಜೆಂಟ್ ಬಾಗಿಲು ತೆರೆದು ನಿಂತಿದ್ದರೆ ಅಪ್ಪ ಮೆಟ್ಟಿಲನ್ನೇ ಹತ್ತಲಿಲ್ಲ. "ಮನೆ ಎಲ್ಲೂ ಓಡೋಗಲ್ಲ ಕಣೋ, ನೀರೆಲ್ಲೈತೆ ತೋರ್ಸು ಅನ್ನು" ಎಂದರು. ಬೋರಿನ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿ ಉಗಿದರು. ಉಪ್ಪು. ಕುರಿ ತಕ್ಕಮಟ್ಟಿಗೆ ಉಪ್ಪುನೀರು ತಡೆಯುತ್ತದೆ, ಹಿತ್ತಲ ಗಿಡ ತಡೆಯುವುದಿಲ್ಲ. ಆಮೇಲೆ ಮಂದೆಯನ್ನು ನೋಡುತ್ತಾ ಸುಮ್ಮನೆ ನಿಂತರು. ಎರಡು ಕುರಿ ಮುಂಗಾಲು ಮಡಿಸಿ, ಮೊಣಕಾಲೂರಿ ಮೇಯುತ್ತಿದ್ದವು. ಗೊರಸು ಕೊಳೆತ ಕುರಿ ಮೇಯುವ ರೀತಿ ಅದು. ಜಾಹೀರಾತಿನ ಚಿತ್ರದಲ್ಲಿ ಇದು ಕಾಣುವುದಿಲ್ಲ. ಆ ಜಾಗವನ್ನು ಅಲ್ಲಿಗೇ ಬಿಟ್ಟೆವು.

ಜಮೀನಿಗೆ ಎಷ್ಟು ಕುರಿ ಸಾಕುವ ಶಕ್ತಿಯಿದೆ ಎನ್ನುವುದನ್ನು ಇಲ್ಲಿ ಡಿಎಸ್‌ಇ ಲೆಕ್ಕದಲ್ಲಿ ಹೇಳುತ್ತಾರೆ. ಗಬ್ಬವೂ ಇಲ್ಲದ, ಮರಿಗೆ ಹಾಲೂ ಕೊಡದ ಸುಮಾರು 50 ಕೆಜಿಯ ಒಂದು ಕುರಿಗೆ ಬೇಕಾದ ಮೇವು ಒಂದು ಡಿಎಸ್‌ಇ. ಹಾಲೂಡುವ ಕುರಿಗೆ ಅದರ ಎರಡು-ಮೂರು ಪಟ್ಟು ಬೇಕು. ಏಜೆಂಟ್ ಸಂಖ್ಯೆ ಹೇಳಿದಾಗ ಅದು ಮಳೆ ಚೆನ್ನಾಗಿ ಬಂದ ವರ್ಷದ್ದೋ ಬರದ ವರ್ಷದ್ದೋ, ಸೂಪರ್ ಫಾಸ್ಫೇಟ್ ಕಡೆಯ ಸಲ ಹಾಕಿದ್ದು ಯಾವಾಗ ಎಂದು ಕೇಳಬೇಕು.

ಈ ಫಾರ್ಮುಗಳ ಮನೆಗಳು ಉಣ್ಣೆಯ ದುಡ್ಡಿನಲ್ಲಿ ಎದ್ದವು. 1834ರಲ್ಲಿ ಹೆಂಟಿ ಕುಟುಂಬ ಪೋರ್ಟ್‌ಲ್ಯಾಂಡಿನಲ್ಲಿ ನೆಲೆಯೂರಿದ ಮೇಲೆ ಬಿಳಿಯರು ಕುರಿಮಂದೆಯೊಂದಿಗೆ ಒಳನಾಡಿಗೆ ನುಗ್ಗಿದರು. ಮಾರುವವರು ಹೇಳುವ ಚರಿತ್ರೆ ಶುರುವಾಗುವುದು ಅಲ್ಲಿಂದ. ಆದರೆ ಹ್ಯಾಮಿಲ್ಟನ್ನಿನ ದಕ್ಷಿಣಕ್ಕಿರುವ ಬಜ್ ಬಿಮ್‌ನಲ್ಲಿ ಗುಂಡಿಜ್‌ಮಾರ ಜನ ಹಾವುಮೀನು ಸಾಕಲು ಕಟ್ಟಿದ ಕಲ್ಲಿನ ಕಾಲುವೆಗಳಿಗೆ 6,600 ವರ್ಷವಾಗಿದೆ. 2019ರಲ್ಲಿ ಅದು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಈ ಸೀಮೆಯಲ್ಲಿ ನೆಲ ಕೊಳ್ಳುವವರು ಅಲ್ಲಿಗೊಮ್ಮೆ ಹೋಗಲೇಬೇಕು. ಹುಲ್ಲು ಯಾರಿಂದ ಕಿತ್ತುಕೊಂಡದ್ದು ಅನ್ನುವುದು ಗೊತ್ತಿರಬೇಕು.

ಎರಡು ಮಹಾಯುದ್ಧಗಳ ನಂತರ ದೊಡ್ಡ ಜಮೀನುಗಳನ್ನು ಒಡೆದು ಮಾಜಿ ಸೈನಿಕರಿಗೆ ಹಂಚಲಾಯಿತು. 1991ರಲ್ಲಿ ಉಣ್ಣೆಯ ಬೆಂಬಲ ಬೆಲೆಯೂ ರದ್ದಾಯಿತು. ಆಗ 47 ಲಕ್ಷ ಬೇಲ್ ಉಣ್ಣೆ ಕೊಳ್ಳುವವರಿಲ್ಲದೆ ಗೋದಾಮುಗಳಲ್ಲಿ ಬಿದ್ದಿತ್ತು. ಸಾವಿರಾರು ಎಕರೆಯ ಹುಟ್ಟುವಳಿ ನೆಚ್ಚಿ ಕಟ್ಟಿದ ಮನೆ ಈಗ ಕೆಲವೇ ನೂರು ಎಕರೆಯ ನಡುವೆ ನಿಂತಿದ್ದರೆ ಕಾರಣ ಇದೇ. ಮನೆಯ ರಿಪೇರಿಗೆ ಅಷ್ಟು ಎಕರೆಯ ಕುರಿಗಳ ಉಣ್ಣೆ ಸಾಲದು.

ಆ ರಿಪೇರಿಯಲ್ಲೂ ಒಂದು ಸೂಕ್ಷ್ಮವಿದೆ. ಹಳೆಯ ಕಲ್ಲುಗೋಡೆ ಸುಣ್ಣದ ಗಾರೆಯದು. ತೇವ ಆ ಗಾರೆಯ ಸಂದುಗಳಿಂದಲೇ ಆರಿ ಹೋಗುತ್ತದೆ. ಯಾರೋ ಸಂದಿಗೆ ಸಿಮೆಂಟ್ ಮೆತ್ತಿದ್ದರೆ ನೀರು ಒಳಮುಖವಾಗಿ ತಿರುಗಿ ಗಿಲಾವು ಉದುರುತ್ತದೆ. ಹೊಸ ಬಣ್ಣ ಬಳಿದ ಕೋಣೆಯಲ್ಲಿ ನೆಲದಿಂದ ಮೊಳದೆತ್ತರಕ್ಕೆ ಕೈಯಾಡಿಸಿ ನೋಡಿ, ಹಾಗಾಗಿದ್ದರೆ ಪುಡಿ ಕೈಗಂಟುತ್ತದೆ. ಪಾರಂಪರಿಕ ಕಟ್ಟಡವೆಂದು ಗುರುತಾಗಿದ್ದರೆ ಹೊರಗಿನ ಬದಲಾವಣೆಗೆ ಸ್ಥಳೀಯ ಕೌನ್ಸಿಲಿನ ಪರವಾನಗಿಯೂ ಬೇಕು. ಮಾರುವವರು ಕೊಡಲೇಬೇಕಾದ ಸೆಕ್ಷನ್ 32 ಹೇಳಿಕೆಯಲ್ಲಿ ಹಕ್ಕುಪತ್ರ, ಋಣಭಾರ, ದಾರಿಯ ಹಕ್ಕು ಎಲ್ಲ ಇರುತ್ತದೆ, ಗೋಡೆಯ ಆರೋಗ್ಯ ಇರುವುದಿಲ್ಲ.

ಇನ್ನೊಂದು, ಕುರಿ ಮುಳುಗಿಸುತ್ತಿದ್ದ ಹಳೆಯ ಔಷಧಿ ತೊಟ್ಟಿ. ಹಿಂದೆ ಹೇನು, ಉಣ್ಣಿ ಸಾಯಲೆಂದು ಅದರಲ್ಲಿ ಆರ್ಸೆನಿಕ್ ಬೆರೆಸುತ್ತಿದ್ದರು. ಆ ವಿಷ ದಶಕಗಳಾದರೂ ಮಣ್ಣು ಬಿಟ್ಟು ಹೋಗುವುದಿಲ್ಲ. ನಾವು ಕೊಂಡ ಜಾಗದಲ್ಲೂ ಶೆಡ್ಡಿನ ಹಿಂದೆ ಹುಲ್ಲು ಮುಚ್ಚಿದ ಸಿಮೆಂಟಿನ ಅಂಚೊಂದು ಕಂಡಿತು. ಸಹಿ ಹಾಕುವ ಮುಂಚೆಯೇ ಮಣ್ಣು ಪರೀಕ್ಷೆ ಮಾಡಿಸಿ, ಅಷ್ಟು ಜಾಗಕ್ಕೆ ಬೇಲಿ ಹಾಕುವ ಖರ್ಚನ್ನು ಬೆಲೆಯಲ್ಲಿ ಇಳಿಸಿ ಎಂದು ಕೇಳಿದೆವು. ಒಪ್ಪಿದರು.