ವಾರಸುದಾರರಿಲ್ಲದ ವಾಹನ ಕಂಡಾಗ

ಬೆಂಗಳೂರಿನ ಯಲಹಂಕದ ಬಡಾವಣೆಗಳಲ್ಲಾಗಲಿ ಆರ್.ಟಿ. ನಗರದ ಅಡ್ಡರಸ್ತೆಗಳಲ್ಲಾಗಲಿ ಟೈರಿನ ಗಾಳಿ ಇಳಿದು, ಅಡಿಯಲ್ಲಿ ಹುಲ್ಲು ಬೆಳೆದು, ತಿಂಗಳುಗಟ್ಟಲೆ ಕದಲದೆ ನಿಂತ ಕಾರನ್ನು ಪರಿತ್ಯಕ್ತ ವಾಹನವೆಂದು, ಅಂದರೆ ಮಾಲೀಕರು ಕೈಬಿಟ್ಟದ್ದೆಂದು, ಶಂಕಿಸಲು ಕಾರಣವಿದ್ದರೂ, ಬರಿಯ ಧೂಳನ್ನು ನೋಡಿ ಹಾಗೆ ತೀರ್ಮಾನಿಸುವುದು ನ್ಯಾಯವಲ್ಲ. ಮಾಲೀಕರು ಆಸ್ಪತ್ರೆಯಲ್ಲಿರಬಹುದು, ಪರವೂರಿನಲ್ಲಿರಬಹುದು, ಆದ್ದರಿಂದ ಅಕ್ಕಪಕ್ಕದ ಮನೆಗಳಲ್ಲಿ ಮೊದಲು ವಿಚಾರಿಸುವುದೇ ಲೇಸು.

1988ರ ಮೋಟಾರು ವಾಹನ ಕಾಯ್ದೆಯ 127ನೆಯ ಪ್ರಕರಣವು, ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಹೆಚ್ಚು ಕಾಲ ತ್ಯಜಿಸಿದ ಇಲ್ಲವೇ ನೋಡಿಕೊಳ್ಳುವವರಿಲ್ಲದೆ ಬಿಟ್ಟ ವಾಹನವನ್ನು ಎಳೆದೊಯ್ಯಲು ಅನುಮತಿಸುವ ಅಧಿಕಾರವನ್ನು ಆ ವ್ಯಾಪ್ತಿಯ ಸಮವಸ್ತ್ರಧಾರಿ ಪೊಲೀಸ್ ಅಧಿಕಾರಿಗೆ ಕೊಟ್ಟು, ವೆಚ್ಚವನ್ನು ಮಾಲೀಕರ ಮೇಲೆ ಹೊರಿಸುತ್ತದೆ. ಹೀಗಾಗಿ ಹೆಬ್ಬಾಳ, ಯಶವಂತಪುರ ಮೊದಲಾದ ಕಡೆಯ ನಿವಾಸಿಗಳು ತಮ್ಮ ವ್ಯಾಪ್ತಿಯ ಸಂಚಾರ ಪೊಲೀಸ್ ಠಾಣೆಗೇ ಲಿಖಿತ ದೂರು ಕೊಟ್ಟು, ಅದರಲ್ಲಿ ನೋಂದಣಿ ಸಂಖ್ಯೆ, ಬಣ್ಣ, ಹತ್ತಿರದ ಗುರುತು ಹಾಗೂ ಬೇರೆ ಬೇರೆ ದಿನಗಳಲ್ಲಿ ತೆಗೆದ ಛಾಯಾಚಿತ್ರಗಳನ್ನು ಸೇರಿಸಿ, ಸ್ವೀಕೃತಿಯನ್ನು, ಅಂದರೆ ದೂರು ತಲುಪಿದುದಕ್ಕೆ ಠಾಣೆಯ ಮುದ್ರೆಯುಳ್ಳ ಪ್ರತಿಯನ್ನು, ತಪ್ಪದೆ ಪಡೆಯಬೇಕು.

ನಂಬರ್ ಪ್ಲೇಟ್ ಕಿತ್ತಿದ್ದರೆ ಅಥವಾ ಬೀಗ ಒಡೆದಿದ್ದರೆ ಅದು ಕಳವಿನ ವಾಹನವಾಗಿರುವ ಸಾಧ್ಯತೆಯಿದ್ದು, ಬೆರಳಚ್ಚು ಅಳಿಸದಂತೆ ಅದನ್ನು ಮುಟ್ಟದೆ, ಕೂಡಲೇ 112ಕ್ಕೆ ಕರೆ ಮಾಡುವುದು ಅತ್ಯಗತ್ಯ. ಮಳೆನೀರು ನಿಂತು ಡೆಂಗಿ ಹರಡುವ ಸೊಳ್ಳೆಗಳಿಗೆ ನೆಲೆಯಾಗಿದ್ದರೆ ಪಾಲಿಕೆಯ ವಾರ್ಡ್ ಕಚೇರಿಗೂ ತಿಳಿಸಬೇಕು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಜಾಗದಲ್ಲಿ 5 ನಗರ ಪಾಲಿಕೆಗಳು ಬಂದಿರುವುದರಿಂದ, ತಮ್ಮ ರಸ್ತೆ ಯಾವುದಕ್ಕೆ ಸೇರಿದೆಯೆಂದು ಖಚಿತಪಡಿಸಿಕೊಂಡರೆ ದೂರು ಅಲೆದಾಡುವುದಿಲ್ಲ.