ಮುಖಕ್ಕಿಂತ ಮೊದಲು ಪಾದ: ಅನಿಮೇಷನ್‌ಗೆ ಕ್ಲೇ ಗೊಂಬೆ ಮಾಡುವ ಬಗೆ

ಕ್ಲೇ ಗೊಂಬೆ ಮಾಡಲು ಕೂತವರು ಮೊದಲು ಕೈ ಹಾಕುವುದು ಮುಖಕ್ಕೆ. ನಾನೂ ಹಾಗೇ ಮಾಡಿದ್ದೆ. ಪೇಟ, ಮೀಸೆ, ಕೆನ್ನೆಯ ಸುಕ್ಕು ಎಲ್ಲವನ್ನೂ ತಿದ್ದಿ ತೀಡಿ ಒಬ್ಬ ಅಜ್ಜನನ್ನು ಮಾಡಿ ನಿಲ್ಲಿಸಿದೆ. ನಲವತ್ತು ಫೋಟೊ ತೆಗೆದಾಗಿತ್ತು. ಹೆಜ್ಜೆ ಇಡಿಸಲೆಂದು ಒಂದು ಕಾಲು ಎತ್ತಿದ್ದೇ ತಡ, ಅಜ್ಜ ಮುಗ್ಗರಿಸಿ ಬಿದ್ದ, ಮೂಗು ಅಪ್ಪಚ್ಚಿಯಾಯಿತು. ಮತ್ತೆ ಮೊದಲಿನಿಂದ ಶುರು.

ಗೊಂಬೆಯನ್ನು ಚೂರುಚೂರೇ ಕದಲಿಸಿ ಒಂದೊಂದೇ ಫೋಟೊ ತೆಗೆಯುವ ಸ್ಟಾಪ್ ಮೋಷನ್‌ನಲ್ಲಿ ಒಂದು ಸೆಕೆಂಡಿಗೆ ಸಾಮಾನ್ಯವಾಗಿ 12 ಭಂಗಿ ಬೇಕು. ಅಂದರೆ ಹತ್ತು ಸೆಕೆಂಡಿನ ದೃಶ್ಯಕ್ಕೆ ಗೊಂಬೆಯನ್ನು 120 ಸಲ ಮುಟ್ಟಿ, ಬಗ್ಗಿಸಿ, ಕೈ ಬಿಡಬೇಕು. ಪ್ರತಿ ಸಲವೂ ಅದು ಇಟ್ಟ ಹಾಗೆ ನಿಲ್ಲಬೇಕು. ಹಾಗೆ ನಿಲ್ಲಿಸುವುದು ಮೇಲಿನ ಕ್ಲೇ ಅಲ್ಲ, ಒಳಗಿನ ತಂತಿ.

ಎಲುಬು ಕಟ್ಟುವುದು

ಕಾಗದದ ಮೇಲೆ ಗೊಂಬೆಯನ್ನು ನಿಜ ಅಳತೆಯಲ್ಲೇ ಬರೆದುಕೊಳ್ಳಿ. 15 ಸೆಂ.ಮೀ. ಎತ್ತರ ಸಾಕು, ದೊಡ್ಡದಾದಷ್ಟೂ ಭಾರ, ಭಾರವಾದಷ್ಟೂ ಬೀಳುತ್ತದೆ. 1.5 ಮಿ.ಮೀ. ದಪ್ಪದ ಅಲ್ಯೂಮಿನಿಯಂ ತಂತಿಯನ್ನು ಎರಡು ಎಳೆ ಮಾಡಿ ಹೊಸೆಯಿರಿ. ಉಕ್ಕಿನ ತಂತಿ ಬೇಡ, ಬಗ್ಗಿಸಿ ಬಿಟ್ಟರೆ ಹಿಂದಕ್ಕೆ ಪುಟಿಯುತ್ತದೆ. ಅಲ್ಯೂಮಿನಿಯಂ ಬಗ್ಗಿಸಿದಲ್ಲೇ ಇರುತ್ತದೆ. ಆದರೆ ತೀರಾ ಬಿಗಿಯಾಗಿ ಹೊಸೆದರೆ ಅದೂ ಗಡುಸಾಗಿ ಬೇಗ ಮುರಿಯುತ್ತದೆ.

ತಂತಿಯನ್ನು ಚಿತ್ರದ ಮೇಲಿಟ್ಟು ಎಡ ಪಾದದಿಂದ ಹೊರಡಿ. ಕಾಲು, ಸೊಂಟ, ಬೆನ್ನು ಹಾದು ತಲೆಯವರೆಗೆ ಹೋಗಿ, ಅಲ್ಲೊಂದು ಕುಣಿಕೆ ಮಾಡಿ, ಬಂದ ದಾರಿಯಲ್ಲೇ ಇಳಿದು ಬಲ ಪಾದಕ್ಕೆ ಮುಗಿಸಿ. ಕೈಗಳಿಗೆ ಇನ್ನೊಂದು ತುಂಡನ್ನು ಹೆಗಲಿಗೆ ಅಡ್ಡಲಾಗಿ ಕಟ್ಟಿ. ಈಗ ಎಂ-ಸೀಲ್‌ನ (ಕಲಸಿದ ಮೇಲೆ ಗಟ್ಟಿಯಾಗುವ ಅಂಟು) ಎರಡೂ ಭಾಗಗಳನ್ನು ಸಮನಾಗಿ ಕಲಸಿ ತೊಡೆ, ಮೊಣಕಾಲ ಕೆಳಭಾಗ, ಸೊಂಟ, ಎದೆ, ತೋಳುಗಳ ಮೇಲೆ ತೆಳುವಾಗಿ ಮೆತ್ತಿ. ಅದೇ ಮೂಳೆ. ಮೊಣಕಾಲು, ಮೊಣಕೈ, ಕಣಕಾಲು, ಕುತ್ತಿಗೆಯನ್ನು ಬರಿದಾಗಿ ಬಿಡಿ. ಅವು ಕೀಲು. ಎಂ-ಸೀಲ್ ಕೆಲಸ ದೊಡ್ಡವರದು, ಕೈಗವಸು ಇರಲಿ.

ಪಾದಕ್ಕೆ ಹೆಚ್ಚು ಹೊತ್ತು ಕೊಡಿ. ಪ್ರತಿ ಪಾದದ ತಂತಿಯ ತುದಿಗೂ ಕುಣಿಕೆ ಮಾಡಿ, ಅದರಲ್ಲಿ 3 ಮಿ.ಮೀ. ಬೋಲ್ಟಿನ ನಟ್ ಕೂರಿಸಿ, ಸುತ್ತ ಎಂ-ಸೀಲ್ ಹಾಕಿ. ನಟ್‌ನ ಒಳಗಿನ ಮರೆಗೆ ಎಂ-ಸೀಲ್ ಹೋಗದಂತೆ ನೋಡಿಕೊಳ್ಳಿ. ರಾತ್ರಿಯಿಡೀ ಒಣಗಲಿ. ಪ್ಲೈವುಡ್ ಹಲಗೆಗೆ ತೂತು ಕೊರೆದು ಕೆಳಗಿನಿಂದ ಬೋಲ್ಟ್ ತಿರುಗಿಸಿದರೆ ಗೊಂಬೆ ನೆಲ ಕಚ್ಚಿ ನಿಲ್ಲುತ್ತದೆ. ಇಷ್ಟು ರಗಳೆ ಬೇಡವೆನ್ನುವವರು ಥರ್ಮಾಕೋಲ್ ಹಲಗೆಯ ಮೇಲೆ ಪಾದದ ಕುಣಿಕೆಗೆ ಗುಂಡುಸೂಜಿ ಚುಚ್ಚಬಹುದು, ಶುರುವಿಗೆ ಸಾಕು. ಬರೀ ಎಲುಬುಗೂಡು ಒಂಟಿಕಾಲಲ್ಲಿ ಮುಂದಕ್ಕೆ ಬಾಗಿ ನಿಲ್ಲುವವರೆಗೂ ಕ್ಲೇ ಪೊಟ್ಟಣ ಬಿಚ್ಚಬೇಡಿ.

ಮೈ ತುಂಬುವುದು

ಕುಂಬಾರರ ಜೇಡಿಮಣ್ಣು ಒಣಗಿ ಬಿರಿಯುತ್ತದೆ. ನಮಗೆ ಬೇಕಾದದ್ದು ಎಣ್ಣೆಯಂಶದ, ಒಣಗದ ಕ್ಲೇ. 1897ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಕಲಾಶಿಕ್ಷಕ ವಿಲಿಯಂ ಹಾರ್ಬಟ್, ಶಿಲ್ಪ ಕಲಿಯುವ ತನ್ನ ವಿದ್ಯಾರ್ಥಿಗಳಿಗಾಗಿ ಒಣಗದ ಮಣ್ಣು ಬೇಕೆಂದು ಕಂಡುಹಿಡಿದ ಪ್ಲಾಸ್ಟಿಸಿನ್ ಇಂಥದ್ದೇ. ಕೊಳ್ಳುವಾಗ ‘ಗಾಳಿಗೆ ಒಣಗುತ್ತದೆ’ ಎಂದು ಬರೆದಿದ್ದರೆ ಬಿಟ್ಟುಬಿಡಿ.

ತಲೆಗೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ಮುದುಡಿ ಉಂಡೆ ಕಟ್ಟಿ, ಮೇಲೆ ಮಾತ್ರ ಕ್ಲೇ ಹಚ್ಚಿ, ತಲೆ ಹಗುರಾಗುತ್ತದೆ. ಮೈಗೂ ನಾಲ್ಕೈದು ಮಿ.ಮೀ. ದಪ್ಪ ಸಾಕು. ಕ್ಲೇಯನ್ನು ಲಟ್ಟಣಿಗೆಯಲ್ಲಿ ಚಪಾತಿಯಂತೆ ಲಟ್ಟಿಸಿ ಸುತ್ತಿದರೆ ಎಲ್ಲ ಕಡೆ ಒಂದೇ ಸಮ ಬರುತ್ತದೆ. ಬಿಳಿ, ಹಳದಿ ಮೊದಲು. ಕೆಂಪು, ಕಪ್ಪು ಕೊನೆಗೆ. ನಡುನಡುವೆ ಒದ್ದೆ ಟಿಶ್ಯೂವಿನಿಂದ ಕೈ ಒರೆಸದಿದ್ದರೆ ಬಿಳಿ ಪಂಚೆ ಬೂದಿಬಣ್ಣಕ್ಕೆ ತಿರುಗುತ್ತದೆ. ಬೇಸಿಗೆಯಲ್ಲಿ ಕ್ಲೇ ಕೈಗೆ ಅಂಟತೊಡಗಿದರೆ ಹತ್ತು ನಿಮಿಷ ಫ್ರಿಜ್‌ನಲ್ಲಿಡಿ.

ಬೆರಳಚ್ಚು ಉಳಿದರೆ ಚಿಂತೆ ಬೇಡ. ನನಗಂತೂ ಆ ಗುರುತು ಇಷ್ಟ, ಯಾರೋ ಕೈಯಾರೆ ಮಾಡಿದ್ದೆಂದು ಅದು ಹೇಳುತ್ತದೆ.

ಕೊನೆಗೆ ಮುಖ

ಕಣ್ಣಿಗೆ ತೂತಿರುವ ಬಿಳಿ ಮಣಿ ಒತ್ತಿ, ತೂತು ಮುಂದೆ ಬರಲಿ. ಅದೇ ಕಣ್ಣಿನ ಪಾಪೆ. ಸೂಜಿಯ ತುದಿಯನ್ನು ಅದರೊಳಗಿಟ್ಟು ತಿರುಗಿಸಿದರೆ ಮುಖಕ್ಕೆ ಕೈ ತಗಲದೆ ನೋಟ ಬದಲಾಗುತ್ತದೆ.

ಮೊದಲ ಗೊಂಬೆಗೆ ಬಾಯಿಯೇ ಬೇಕಿಲ್ಲ. ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೊದ ‘ದಿ ರಾಂಗ್ ಟ್ರೌಸರ್ಸ್’ (1993) ಚಿತ್ರದ ನಾಯಿ ಗ್ರೊಮಿಟ್‌ಗೆ ಬಾಯಿಯಿಲ್ಲ. ಸಿಟ್ಟು, ಸಂಕಟ, ಅನುಮಾನ ಎಲ್ಲವೂ ಹುಬ್ಬಿನಲ್ಲೇ. ಮಾತಾಡಿಸಲೇಬೇಕೆಂದರೆ ಬೇರೆ ಬೇರೆ ಆಕಾರದ ಬಾಯಿಗಳನ್ನು ಮೊದಲೇ ಮಾಡಿಟ್ಟು ಬದಲಾಯಿಸುತ್ತ ಹೋಗಿ. ಕನ್ನಡಿ ಮುಂದೆ ‘ಅಮ್ಮ’ ಎಂದು ನೋಡಿ: ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆಯುತ್ತದೆ. ಒತ್ತಕ್ಷರ ಇರುವುದರಿಂದ ತುಟಿ ತುಸು ಹೆಚ್ಚು ಹೊತ್ತು ಮುಚ್ಚಿರುತ್ತದೆ, ಅಲ್ಲಿ ಒಂದು ಫೋಟೊ ಹೆಚ್ಚು ತೆಗೆಯಿರಿ.

ಇನ್ನು ಫೋನನ್ನು ಸ್ಟ್ಯಾಂಡಿಗೆ ಬಿಗಿದು, ಕಿಟಕಿಗೆ ದಪ್ಪ ಪರದೆ ಎಳೆದು, ಒಂದೇ ದೀಪ ಹಚ್ಚಿ. ಫೋಕಸ್ ಮತ್ತು ಬೆಳಕನ್ನು ಲಾಕ್ ಮಾಡಿ. ಮೊದಲ ದಿನ ನಡಿಗೆಯ ಆಸೆ ಬೇಡ, ಅಜ್ಜ ಕಣ್ಣು ಮಿಟುಕಿಸಲಿ. ಚರ್ಮದ ಬಣ್ಣದ ಕ್ಲೇಯಲ್ಲಿ ರೆಪ್ಪೆ ಮಾಡಿ: ಒಂದು ಫೋಟೊ ಅರ್ಧ ಮುಚ್ಚಿ, ಒಂದು ಪೂರ್ತಿ ಮುಚ್ಚಿ, ಇನ್ನೊಂದು ಮತ್ತೆ ಅರ್ಧ. ನಾಲ್ಕನೆಯದಕ್ಕೆ ರೆಪ್ಪೆ ತೆಗೆದುಬಿಡಿ.